ಕಣ್ಣು ದಾಟುವ ಮೀನು

ನಮ್ಮ ಮನೆಯಲ್ಲಿ ಮೀನು ಮೊದಲು ಚಿತ್ರವಾಗಿ ಆಮೇಲೆ ಗಸಿಯಾಗುತ್ತಿತ್ತು. ಬೇರೆ ಮನೆಗಳಲ್ಲಿ ಹೀಗಿಲ್ಲ ಎಂಬುದು ನನಗೆ ಗೊತ್ತಾದದ್ದು ಶಾಲೆಗೆ ಹೋಗಲು ತೊಡಗಿ ಎರಡು ವರ್ಷ ಕಳೆದ ಮೇಲೆ. ನಮ್ಮದು ಬಂದರ್‌ನ ಗೋದಾಮುಗಳ ಹಿಂದಿನ ಓಣಿಯ ಒಂದು ಹೆಂಚಿನ ಮನೆ. ಒಣಮೆಣಸಿನ ಘಾಟು ಒಂದು ಕಡೆಯಿಂದ, ಹೊಳೆಯ ಕೆಸರಿನ ವಾಸನೆ ಇನ್ನೊಂದು ಕಡೆಯಿಂದ ಒಳಗೆ ಬಂದು ಊಟದ ಕೋಣೆಯಲ್ಲಿ ಸೇರುತ್ತಿದ್ದವು. ಆ ಕೋಣೆಗೆ ಮಾತ್ರ ದೊಡ್ಡ ಕಿಟಕಿಯಿತ್ತು. ಬೆಳಿಗ್ಗೆ ಒಳ್ಳೆಯ ಬೆಳಕು ಬೀಳುತ್ತಿದ್ದ ಜಾಗ ಎಂದರೆ ಊಟದ ಮೇಜು. ಹಾಗಾಗಿ ಆ ಮೇಜು ಅಜ್ಜಿಯದ್ದೋ ಮಾವನದ್ದೋ ಎಂಬ ಜಗಳ ನಾನು ಹುಟ್ಟುವ ಮೊದಲೇ ಶುರುವಾಗಿ, ನಾನು ಮದುವೆಯಾಗಿ ಹೋಗುವವರೆಗೂ ಮುಗಿದಿರಲಿಲ್ಲ.

ಮನೆಯಲ್ಲಿ ನಾವು ನಾಲ್ವರು. ಅಜ್ಜಿ, ಅವರ ಮಗ ರಘು ಮಾವ, ಮಗಳಾದ ನನ್ನ ಅಮ್ಮ, ನಾನು. ಅಪ್ಪ ಮುಂಬಯಿಯ ಹೋಟೆಲೊಂದರಲ್ಲಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಅಮ್ಮನಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಮಾವ ಕೊಡಿಯಾಲ್‌ಬೈಲಿನ ಒಂದು ಪ್ರೆಸ್ಸಿನಲ್ಲಿ ಕಂಪೋಸಿಟರ್ ಆಗಿದ್ದರು. ಸೀಸದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಜೋಡಿಸುವ ಕೆಲಸ ಅದು. ಮೊಳೆಯಲ್ಲಿ ಅಕ್ಷರ ಎಡಬಲ ತಿರುಗಿರುತ್ತದೆ. ಕಾಗದದ ಮೇಲೆ ಒತ್ತಿದಾಗ ನೆಟ್ಟಗಾಗುತ್ತದೆ. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದ ಮಾವ ತಿರುಗಿದ ಅಕ್ಷರವನ್ನು ನಾವು ನೆಟ್ಟಗಿನದನ್ನು ಓದುವಷ್ಟೇ ಸಲೀಸಾಗಿ ಓದುತ್ತಿದ್ದರು. ಕಾಲೇಜಿಗೆ ಹೋಗಿ ಪ್ರಾಣಿಶಾಸ್ತ್ರ ಓದಬೇಕೆಂದು ಅವರಿಗೆ ಆಸೆಯಿತ್ತಂತೆ. ಅದು ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಅಜ್ಜಿ ಆ ಮಾತು ಬಂದಾಗ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು, ಅಷ್ಟೇ.

ಭಾನುವಾರ ಬೆಳಿಗ್ಗೆ ಹೊಳೆಯಾಚೆಯ ಬೆಂಗ್ರೆಯಿಂದ ಮೀನು ಮಾರುವ ಅಪ್ಪಿಯಕ್ಕ ದೋಣಿಯಲ್ಲಿ ದಾಟಿ ಬಂದು ಹಿಂಬಾಗಿಲಲ್ಲಿ ಮೀನಿನ ಬುಟ್ಟಿ ಇಳಿಸುತ್ತಿದ್ದಳು. ಮಾವ ಆಗಲೇ ಸ್ನಾನ ಮುಗಿಸಿ, ಮೇಜಿನ ಮೇಲೆ ಬಾಳೆಲೆ ಹಾಸಿ, ಪೆನ್ಸಿಲ್ ಚೂಪು ಮಾಡಿ ಕಾಯುತ್ತಿದ್ದರು. ಬುಟ್ಟಿಯಿಂದ ಅವರು ಆರಿಸಿದ ಮೀನನ್ನು ತೊಳೆದು ಎಲೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಶಾಲೆಯ ಅಡಿಕೋಲು ಇಟ್ಟು, ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಕಾಗದದ ಮೇಲೆ ಬರೆಯಲು ಕೂರುತ್ತಿದ್ದರು. ರೆಕ್ಕೆಯ ಕಡ್ಡಿಗಳನ್ನು ಎಣಿಸಿ ಹೇಳುವುದು ನನ್ನ ಕೆಲಸ. ಚಿತ್ರ ಮುಗಿಯದೆ ಆ ಮೀನನ್ನು ಯಾರೂ ಮುಟ್ಟುವಂತಿರಲಿಲ್ಲ. ಒಳಗೆ ಗಸಿಯ ಮಸಾಲೆ ಕಡೆದು ಆಗಿರುತ್ತಿತ್ತು, ಕುಚ್ಚಲಕ್ಕಿ ಬೆಂದು ಆಗಿರುತ್ತಿತ್ತು. ಅಜ್ಜಿ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ನಮ್ಮ ಮನೆಮಾತು ತುಳು. ಅವರ ಮಾತನ್ನು ಕನ್ನಡಕ್ಕೆ ತರುವಾಗ ಅರ್ಧ ಖಾರ ಹೋಗುತ್ತದೆ.

"ಎಂತ ರಘು, ಆಯ್ತಾ ಇಲ್ವಾ? ಬಟ್ಟಲಿಗೆ ಚಿತ್ರ ಬಡಿಸ್ಲಿಕ್ಕೆ ಆಗ್ತದಾ?"

"ಐದು ನಿಮಿಷ ಅಮ್ಮ. ಬಾಲ ಒಂದು ಬಾಕಿ ಉಂಟು."

"ನಿನ್ನ ಬಾಲ ಯಾವತ್ತೂ ಬಾಕಿಯೇ ಮಾರಾಯ!"

ಎಲ್ಲ ಮೀನುಗಳಿಗಿಂತ ಮಾವನಿಗೆ ಪ್ರೀತಿ ನಂಗ್ ಮೇಲೆ. ಕರಾವಳಿಯ ಹೊರಗಿನವರಿಗಾಗಿ ಹೇಳುತ್ತೇನೆ: ನಂಗ್ ಎಂದರೆ ನಾಲಿಗೆಯ ಆಕಾರದ ಚಪ್ಪಟೆ ಮೀನು. ಒಂದು ಮಗ್ಗುಲು ಮಣ್ಣಿನ ಬಣ್ಣ, ಇನ್ನೊಂದು ಮಗ್ಗುಲು ಬಿಳಿ. ಎರಡು ಕಣ್ಣೂ ಮಣ್ಣಿನ ಬಣ್ಣದ ಕಡೆಗೇ ಇರುತ್ತವೆ. ಅಜ್ಜಿ ಬೆರಳಿಗೆ ಬೂದಿ ಹಚ್ಚಿಕೊಂಡು ಅದರ ಚರ್ಮವನ್ನು ತಲೆಯಿಂದ ಬಾಲದವರೆಗೆ ಒಂದೇ ಎಳೆತಕ್ಕೆ ಕಾಲುಚೀಲ ಕಳಚಿದಂತೆ ಸುಲಿಯುತ್ತಿದ್ದರು. ನಾನು ಅಲ್ಲಿಯವರೆಗೆ ಅದನ್ನು ತಿಂದಿದ್ದೆನೇ ಹೊರತು ನೋಡಿರಲಿಲ್ಲ. ಒಂದು ಭಾನುವಾರ ಮಾವ ನಂಗನ್ನು ಮಗುಚಿ ಹಾಕಿ, ಬಿಳಿಯ ಮಗ್ಗುಲಿನಲ್ಲಿ ಕಣ್ಣಿರಬೇಕಾದ ಜಾಗದ ಮೇಲೆ ನನ್ನ ಬೆರಳಿಟ್ಟರು. ನುಣ್ಣಗಿತ್ತು.

"ಇಲ್ಲಿ ಒಂದು ಕಣ್ಣು ಇತ್ತು ಸುಗುಣಾ. ಹುಟ್ಟುವಾಗ ಇದು ಬೇರೆ ಮೀನಿನ ಹಾಗೇ. ಈಚೆ ಒಂದು ಕಣ್ಣು, ಆಚೆ ಒಂದು ಕಣ್ಣು, ನೆಟ್ಟಗೆ ಈಜ್ತದೆ. ಉಗುರಿನಷ್ಟು ದೊಡ್ಡ ಆಗುವಾಗ ಒಂದು ಕಣ್ಣು ಹೊರಡ್ತದೆ."

"ಹೊರಡ್ತದೆ ಅಂದ್ರೆ? ಎಲ್ಲಿಗೆ?"

"ನೆತ್ತಿ ದಾಟಿ ಈಚೆ ಕಡೆಗೆ. ಆಮೇಲೆ ಮೀನು ಮಗ್ಗುಲಾಗಿ ಮಲಗ್ತದೆ. ಸಾಯುವವರೆಗೆ ಹಾಗೇ."

ನಾನು ಎದ್ದು ಹೋಗಿ ಚಾವಡಿಯ ಕನ್ನಡಿಯ ಮುಂದೆ ನಿಂತೆ. ಎರಡು ಕಣ್ಣುಗಳನ್ನೂ ಒತ್ತಿ ನೋಡಿದೆ. ಇದ್ದಲ್ಲೇ ಇದ್ದವು. ಆದರೂ ಆ ವಾರವಿಡೀ ಬೆಳಿಗ್ಗೆ ಏಳುವಾಗ ಮೊದಲು ಮುಖ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹೆದರಿಕೆ ಎನ್ನಲಾರೆ. ನಾವು ದಿನಾ ಹುಳಿ ಮೆಣಸು ಹಚ್ಚಿ ಕಾಯಿಸಿ ತಿನ್ನುವ ಒಂದು ಜೀವಿಯ ಮೈಯಲ್ಲಿ ಇಂಥದ್ದೊಂದು ನಡೆದು ಹೋಗಿರುತ್ತದೆ ಎಂದರೆ, ನಮ್ಮ ಓಣಿಯಲ್ಲಿ, ಬಾವಿಯಲ್ಲಿ, ಗೋಡೆಯ ಪಾಚಿಯಲ್ಲಿ ಇನ್ನೇನೇನು ನಡೆಯುತ್ತಿರಬಹುದು ಎಂದು ತಲೆ ತಿರುಗುತ್ತಿತ್ತು.

ಆ ವರ್ಷದ ಮಳೆಗಾಲ ಮುಗಿಯುವಾಗ ಪ್ರೆಸ್ಸಿನ ಅಟ್ಟ ಖಾಲಿ ಮಾಡಿದರು. ಗೆದ್ದಲು ತಿಂದ ಹಳೆಯ ಪುಸ್ತಕಗಳ ರಾಶಿಯಿಂದ ಮಾವ ಒಂದೇ ಒಂದು ಹಾಳೆಯನ್ನು ಮನೆಗೆ ತಂದರು. ಯಾವ ಪುಸ್ತಕದಿಂದ ಕಳಚಿದ್ದೋ ಗೊತ್ತಿಲ್ಲ. ದಪ್ಪ ಕಾಗದ, ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಅದರಲ್ಲಿ ತಾಮ್ರದ ತಗಡಿನಿಂದ ಅಚ್ಚು ಹಾಕಿದ ಒಂದು ಚಪ್ಪಟೆ ಮೀನಿನ ಚಿತ್ರ. ನಂಗಿಗಿಂತ ದೊಡ್ಡದು, ಅಗಲ, ಬಾಯಿ ತುಂಬ ಹಲ್ಲು. ಒಂದು ಕಣ್ಣು ಮಗ್ಗುಲಲ್ಲಿದ್ದರೆ ಇನ್ನೊಂದು ಪೂರ್ತಿ ದಾಟದೆ ನೆತ್ತಿಯ ಅಂಚಿನಲ್ಲೇ ನಿಂತಿತ್ತು. ಕೆಳಗೆ ಸಣ್ಣ ಓರೆ ಅಕ್ಷರಗಳಲ್ಲಿ ಎರಡು ಮಾತಿನ ಲ್ಯಾಟಿನ್ ಹೆಸರು. ಮಾವ ಅದನ್ನು ಬೆರಳಿಟ್ಟು ಜೋರಾಗಿ ಓದಿದಾಗ ಅಪ್ಪಿಯಕ್ಕ ಹಿಂಬಾಗಿಲಲ್ಲಿ ಕೂತು ಅಜ್ಜಿಯ ಹತ್ತಿರ ಎಲೆ ಅಡಿಕೆ ಕೇಳಿ ಹಾಕಿಕೊಳ್ಳುತ್ತಿದ್ದಳು.

"ಪ್ಲ್ಯೂರೋನೆಕ್ಟೆಸ್ ಎರುಮೆಯ್."

"ಎಂತ ಅಂದ್ರಿ ಅಣ್ಣ? ಎರ್ಮೆಯಾ?" ಅಪ್ಪಿಯಕ್ಕ ನಗಲು ಶುರು ಮಾಡಿದಳು. "ಮೀನಿಗೆ ಎರ್ಮೆ ಅಂತ ಹೆಸರಿಟ್ಟ ಆ ಪುಣ್ಯಾತ್ಮ ಯಾರು?"

ತುಳುವಿನಲ್ಲಿ ಎರ್ಮೆ ಎಂದರೆ ಎಮ್ಮೆ. ಮಾವನೂ ನಕ್ಕರು. ಆದರೆ ಮುಂದಿನ ಶನಿವಾರ ಅವರು ಕಾಲೇಜಿನ ಲೈಬ್ರರಿಗೆ ಹೋದರು. ಅಲ್ಲಿಯ ಪ್ರಾಣಿಶಾಸ್ತ್ರದ ಮೇಷ್ಟ್ರೊಬ್ಬರ ಪಠ್ಯಪುಸ್ತಕವನ್ನು ಮಾವ ಕಂಪೋಸ್ ಮಾಡಿದ್ದರು. ಆ ಪರಿಚಯದಲ್ಲಿ ಒಳಗೆ ಕೂತು ಓದಲು ಬಿಡುತ್ತಿದ್ದರು. ಸಂಜೆ ಮನೆಗೆ ಬಂದವರು ಚಪ್ಪಲಿ ಕಳಚಲೂ ಮರೆತು ಊಟದ ಕೋಣೆಗೆ ನುಗ್ಗಿದರು.

"ಅಪ್ಪಿ ಹೇಳಿದ್ದೇ ಸರಿ! ಅದು ಎಮ್ಮೆಯೇ. ತಮಿಳಿನವರು ಆ ಮೀನಿಗೆ ಎಮ್ಮೆ ನಾಲಿಗೆ ಅಂತ ಹೇಳ್ತಾರಂತೆ. ಆ ಹೆಸರನ್ನೇ ಲ್ಯಾಟಿನ್‌ಗೆ ಹಾಕಿದ್ದು."

ಅದಾದ ಮೇಲೆ ಶನಿವಾರ ಸಂಜೆಗಳೆಲ್ಲ ಕಥೆಯ ಸಂಜೆಗಳಾದವು. ಮಾವ ಓದಿ ಬಂದದ್ದನ್ನು ನಾನು ಮೇಜಿನ ಮೇಲೆ ಗಲ್ಲ ಊರಿ ಕೇಳುತ್ತಿದ್ದೆ. ಸ್ವೀಡನ್ನಿನಲ್ಲಿ ಒಬ್ಬ ಪಂಡಿತ. ಲೋಕದ ಜೀವಿಗಳಿಗೆಲ್ಲ ಮನೆತನದ ಹೆಸರು, ಸ್ವಂತದ ಹೆಸರು ಎಂದು ಎರಡೆರಡು ಹೆಸರಿಡಲು ಹೊರಟವನು. ತನಗೆ ಗೊತ್ತಿದ್ದ ಚಪ್ಪಟೆ ಮೀನುಗಳನ್ನೆಲ್ಲ ಒಂದೇ ಮನೆತನಕ್ಕೆ ಸೇರಿಸಿ, ಪ್ಲ್ಯೂರೋನೆಕ್ಟೆಸ್, ಅಂದರೆ ಮಗ್ಗುಲಲ್ಲಿ ಈಜುವವು ಎಂದು ಕರೆದ. ಬರ್ಲಿನ್ನಿನಲ್ಲಿ ಒಬ್ಬ ವೈದ್ಯ. ವಯಸ್ಸಾದ ಮೇಲೆ ಮೀನಿನ ಹುಚ್ಚು ಹಿಡಿಯಿತು. ನಮ್ಮ ಕಡಲನ್ನು ಅವನು ಕಂಡವನೇ ಅಲ್ಲ. ತಮಿಳು ಕರಾವಳಿಯಲ್ಲಿದ್ದ ಪಾದ್ರಿಯೊಬ್ಬರು ಅಲ್ಲಿನ ಬೆಸ್ತರಿಂದ ಮೀನುಗಳನ್ನು ಹೆಸರು ಸಮೇತ ಪಡೆದು ಸಾರಾಯಿಯಲ್ಲಿ ಮುಳುಗಿಸಿ ಹಡಗಿನಲ್ಲಿ ಕಳಿಸುತ್ತಿದ್ದರು. ಬಣ್ಣವೆಲ್ಲ ಹೋಗಿ ಒದ್ದೆ ಕಾಗದದಂತಾದ ಮೀನನ್ನು ಆ ವೈದ್ಯ ದೀಪದ ಕೆಳಗೆ ಬಿಡಿಸಿ, ರೆಕ್ಕೆಯ ಕಡ್ಡಿಗಳನ್ನು ಎಣಿಸುತ್ತಿದ್ದ. ಪುಸ್ತಕ ಮುಗಿಯುವ ಮೊದಲು ತೀರಿಕೊಂಡ. ಮತ್ತೊಬ್ಬ ವಿದ್ವಾಂಸ ಅದನ್ನು ಮುಗಿಸಿದ. ಇನ್ನೊಬ್ಬರು ಕಂಪನಿ ಸರ್ಕಾರದ ಡಾಕ್ಟರು. ನಮ್ಮ ಊರಿಗೂ ಬಂದು ಹೋದವರಂತೆ. ಗಂಗೆಯ ಮೀನುಗಳನ್ನೆಲ್ಲ ಬಂಗಾಳಿ ಚಿತ್ರಕಾರನಿಂದ ಬರೆಸಿದರು, ವಿಲಾಯತಿಗೆ ಹೊರಡುವಾಗ ಆ ಚಿತ್ರಗಳನ್ನು ದೊರೆಗಳು ಕಲ್ಕತ್ತೆಯಲ್ಲೇ ಹಿಡಿದಿಟ್ಟುಕೊಂಡರು.

"ಬಂಗಾಳಿಯ ಹೆಸರೆಂತ ಮಾವ?"

"ನಾನು ಓದಿದ ಪುಸ್ತಕದಲ್ಲಿ ಇಲ್ಲ."

"ತಮಿಳಿನ ಬೆಸ್ತನದ್ದು?"

"ಅದೂ ಇಲ್ಲ," ಎಂದು ಮಾವ ಹಾಳೆಯ ಓರೆ ಅಕ್ಷರಗಳ ಮೇಲೆ ಬೆರಳಿಟ್ಟರು. "ಅವನು ಇಟ್ಟ ಹೆಸರು ಉಂಟಲ್ಲ."

ಅಪ್ಪಿಯಕ್ಕನಿಗೆ ಮಾವ ಹಾಳೆ ತೋರಿಸಿ, ಇಂಥದ್ದು ಬಲೆಗೆ ಬಿದ್ದರೆ ತರಬೇಕೆಂದು ಹೇಳಿಟ್ಟರು. ದೀಪಾವಳಿ ಕಳೆದು ಒಂದು ತಂದಳು. ಬಾಳೆಲೆಯಿಂದ ಹೊರಗೆ ಚಾಚುವಷ್ಟು ದೊಡ್ಡದು. ಮಾವ ಕಣ್ಣಿನ ಮಗ್ಗುಲು ಮೇಲೆ ಮಾಡಿ, ಹೊಟ್ಟೆ ತಮ್ಮ ಕಡೆಗೆ ಬರುವಂತೆ ಮಲಗಿಸಿ, ಹಾಳೆಯನ್ನು ಪಕ್ಕದಲ್ಲಿಟ್ಟರು. ಇಟ್ಟವರು ಹಾಗೇ ನಿಂತರು. ಮೀನಿನ ತಲೆ ಎಡಕ್ಕಿತ್ತು. ಹಾಳೆಯ ಮೀನಿನ ತಲೆ ಬಲಕ್ಕಿತ್ತು. ನಾವು ಬರೆದ ನಂಗ್‌ಗಳೆಲ್ಲ ಎಡಗಡೆಯವೇ, ಒಂದೂ ತಪ್ಪಿದ್ದಿಲ್ಲ. ಅಪ್ಪಿಯಕ್ಕ ತಿಂಗಳ ಬಳಿಕ ಇನ್ನೊಂದು ತಂದಳು. ಅದೂ ಎಡಕ್ಕೆ. ಅಂದು ಮಾವನ ಮುಖ ಕೆಂಪೇರಿದ್ದು ನನಗೆ ಈಗಲೂ ಕಾಣುತ್ತದೆ.

"ಸುಗುಣಾ, ತಗಡಿನಲ್ಲಿ ಹೇಗೆ ಕೊರೀತಾರೋ ಅದರ ಉಲ್ಟಾ ಕಾಗದದಲ್ಲಿ ಬರ್ತದೆ. ನಮ್ಮ ಮೊಳೆಯ ಹಾಗೆ. ಕೊರೆಯುವವ ಮೀನನ್ನು ತಿರುಗಿಸಿ ಕೊರೀಬೇಕಿತ್ತು. ಮರೆತಿದ್ದಾನೆ! ಅಷ್ಟು ದೊಡ್ಡ ಪಂಡಿತರು ಯಾರಿಗೂ ಗೊತ್ತಾಗ್ಲಿಲ್ಲ."

ಪಂಡಿತರಿಗೆ ತಿಳಿಯದ್ದು ಒಬ್ಬ ಕಂಪೋಸಿಟರಿಗೆ ತಿಳಿಯಿತು. ಈ ಸುದ್ದಿ ನಮ್ಮ ಮನೆಯ ಗಾಳಿಯನ್ನೇ ಬದಲಿಸಿತು. ಮಾವ ಎರಡು ವಾರ ಕೂತು ಲೇಖನ ಬರೆದರು. ಅಮ್ಮ ಡ್ಯೂಟಿಯಿಂದ ಬಂದು ಅದನ್ನು ಓದಿ ಕಾಗುಣಿತ ನೋಡಿದರು. ಅಜ್ಜಿ ಮೇಜಿನ ಬಗ್ಗೆ ಮಾತೇ ಎತ್ತಲಿಲ್ಲ. ನೆರೆಮನೆಯವರಿಗೆ, "ನಮ್ಮ ರಘು ವಿಲಾಯತಿಯವರ ತಪ್ಪು ಹಿಡಿದಿದ್ದಾನೆ," ಎಂದು ಹೇಳಿಕೊಂಡು ಬಂದರು. ಪ್ರೆಸ್ಸಿನವರದೇ ಒಂದು ವಾರಪತ್ರಿಕೆ ಇತ್ತು. ಸಂಪಾದಕರು ಲೇಖನ ಒಪ್ಪಿಕೊಂಡರು. ಮಾವ ತಮ್ಮ ಲೇಖನವನ್ನು ತಾವೇ ಕಂಪೋಸ್ ಮಾಡಿದರು. ತಮ್ಮ ಹೆಸರು ಜೋಡಿಸುವಾಗ ಎರಡು ಸಲ ಮೊಳೆ ತಪ್ಪಿತಂತೆ. ಇಷ್ಟು ವರ್ಷ ಊರಿನವರ ಹೆಸರನ್ನೆಲ್ಲ ಜೋಡಿಸಿದ ಕೈ.

ಪತ್ರಿಕೆ ಅಚ್ಚಾಗುವ ದಿನ ಗುರುವಾರ. ನನಗೆ ಶಾಲೆ ಮಧ್ಯಾಹ್ನವೇ ಬಿಟ್ಟಿತ್ತು. ಹಿಂಬಾಗಿಲಿನಿಂದ ಒಳಗೆ ಹೋದರೆ ಅಜ್ಜಿ ನೆಲದ ಮೇಲೆ ಮೆಟ್ಟುಕತ್ತಿಯ ಮುಂದೆ ಕೂತಿದ್ದರು. ಪಕ್ಕದ ಬಟ್ಟಲಿನಲ್ಲಿ ಒಂದು ದೊಡ್ಡ ಚಪ್ಪಟೆ ಮೀನು.

"ಅಪ್ಪಿ ಕೊಟ್ಟು ಹೋದ್ಳು. ನಿನ್ನ ಮಾವ ಎರಡು ಬರೆದು ಆಯ್ತಲ್ಲ, ಇದು ನಮಗೆ. ಇವತ್ತು ಅವನ ಹೆಸರು ಬರುವ ದಿನ, ಒಳ್ಳೇದು ಗಸಿ ಮಾಡ್ತೇನೆ."

ಮೀನು ಹೊಟ್ಟೆ ನನ್ನ ಕಡೆಗಾಗಿ ಮಲಗಿತ್ತು. ತಲೆ ಬಲಕ್ಕಿತ್ತು. ನಾನು ಬಟ್ಟಲಿನ ಸುತ್ತ ಒಂದು ಸುತ್ತು ಬಂದೆ. ಬಾಗಿ ನೋಡಿದೆ. ಮಣ್ಣಿನ ಬಣ್ಣ ಮೇಲಿದೆ, ಕಣ್ಣೆರಡೂ ಮೇಲಿವೆ, ಹೊಟ್ಟೆ ನನ್ನ ಕಡೆಗೆ, ತಲೆ ಬಲಕ್ಕೆ. ಮಾವನ ಹಾಳೆಯಲ್ಲಿ ಇದ್ದ ಹಾಗೆ. ಕೊರೆದವನು ತಪ್ಪಿರಲಿಲ್ಲ. ಈ ಮೀನಿನಲ್ಲಿ ಎಡಗಡೆಯವೂ ಇದ್ದವು, ಬಲಗಡೆಯವೂ ಇದ್ದವು. ಹತ್ತು ವರ್ಷದ ನನಗೆ ಅದು ಅಷ್ಟು ಸ್ಪಷ್ಟವಾಗಿ ಗೊತ್ತಾಯಿತು. ನಾನು ಬಾಯಿ ಬಿಡದಿದ್ದರೆ ಅರ್ಧ ಗಂಟೆಯಲ್ಲಿ ಇದು ಗಸಿಯಾಗುತ್ತದೆ ಎಂಬುದೂ ಗೊತ್ತಾಯಿತು.

ನಾನು ಬಾಯಿ ಬಿಡಲಿಲ್ಲ. ಚಾವಡಿಗೆ ಹೋಗಿ ಕಂಬಕ್ಕೆ ಒರಗಿ ಕೂತೆ. ಮಾವ ತಮ್ಮ ಹೆಸರನ್ನು ತಾವೇ ಜೋಡಿಸಿದ್ದು, ಅಜ್ಜಿ ನೆರೆಮನೆಗಳಿಗೆ ಹೇಳಿದ್ದು, ಅಮ್ಮ ನಿದ್ದೆಗಣ್ಣಲ್ಲಿ ಕಾಗುಣಿತ ತಿದ್ದಿದ್ದು ಎಲ್ಲ ನೆನಪಾಯಿತು. ಅಜ್ಜಿಗೆ ಎಡಬಲ ಬೇಕಾಗಿಲ್ಲ. ಅಪ್ಪಿಯಕ್ಕನಿಗೆ ಮಾವನ ಲೇಖನ ಓದಲು ಬರುವುದಿಲ್ಲ. ಲೋಕದಲ್ಲಿ ನನ್ನೊಬ್ಬಳಿಗೇ ಗೊತ್ತಿರುವ ಸಂಗತಿ ಅದು. ಹಾಗೆ ಅನ್ನಿಸಿದ ಕ್ಷಣದಲ್ಲೇ ಮೈ ಜುಂ ಎಂದಿತು. ನಾನು ಹೇಳದಿದ್ದರೆ ಅದು ಯಾರಿಗೂ ಗೊತ್ತಾಗುವುದೇ ಇಲ್ಲ. ಒಳಗೆ ಕತ್ತಿಯ ಸದ್ದು ಕೇಳಿತು. ನಾನು ಎದ್ದು ಓಡಿದೆ.

ಅಷ್ಟರಲ್ಲಿ ತಲೆ ಬೇರೆಯಾಗಿತ್ತು. ಮೈಯ ತುಂಡುಗಳಿಗೆ ಅಜ್ಜಿ ಉಪ್ಪು ಸವರುತ್ತಿದ್ದರು.

"ಅಜ್ಜಿ, ತಲೆ ನನಗೆ ಬೇಕು."

"ಬಾಲೆ, ಗಸಿಗೆ ತಲೆಯೇ ಅಲ್ವಾ ರುಚಿ!"

"ಮಾವನಿಗೆ ತೋರಿಸ್ಬೇಕು ಅಜ್ಜಿ. ಈಗಲೇ. ಪೇಪರ್ ಅಚ್ಚಾಗುವ ಮೊದಲು."

ಅಜ್ಜಿ ನನ್ನ ಮುಖ ನೋಡಿದರು. ತಲೆಯನ್ನು ತೊಳೆದು, ಬಾಳೆಲೆಯಲ್ಲಿ ಸುತ್ತಿ, ನಾರು ಕಟ್ಟಿ ಕೈಗೆ ಕೊಟ್ಟರು. ಬಂದರ್‌ನಿಂದ ಕೊಡಿಯಾಲ್‌ಬೈಲಿನವರೆಗೆ ನಾನು ಎಲ್ಲಿ ಓಡಿದೆ, ಎಲ್ಲಿ ನಡೆದೆ ಎಂಬುದು ನೆನಪಿಲ್ಲ. ಎಲೆಯಿಂದ ಸೋರಿದ ನೀರು ಮೊಣಕೈವರೆಗೆ ಇಳಿದದ್ದು, ದಾರಿಯಲ್ಲಿ ಒಂದು ನಾಯಿ ಹಿಂಬಾಲಿಸಿದ್ದು ನೆನಪಿದೆ.

ಪ್ರೆಸ್ಸಿನಲ್ಲಿ ಮಾವ ಮೊಳೆಯ ಖಾನೆಗಳ ಮುಂದೆ ನಿಂತಿದ್ದರು. ನಾನು ಎಲೆ ಬಿಚ್ಚಿ ಮುಂದೆ ಹಿಡಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು. ತಲೆಯನ್ನು ಕೈಗೆ ತೆಗೆದುಕೊಂಡರು. ಬಾಯಿ ಎಲ್ಲಿ, ಗಂಟಲು ಎಲ್ಲಿ ಎಂದು ಬೆರಳಾಡಿಸಿದರು. ಮಗುಚಿ, ಬಿಳಿಯ ಕಡೆ ನೋಡಿದರು. ಮತ್ತೆ ಈಚೆ ತಿರುಗಿಸಿದರು. ಅವರು ಅಳುತ್ತಾರೆ ಎಂದೇ ನಾನು ನಿಂತಿದ್ದೆ. ಅವರ ಬಾಯಿಯಿಂದ ಬಂದ ಮಾತು ಪಿಸುಗುಟ್ಟಿದಷ್ಟು ಮೆಲ್ಲಗಿತ್ತು.

"ಎರಡೂ ಉಂಟು! ಸುಗುಣಾ, ಇದರಲ್ಲಿ ಎರಡೂ ಉಂಟು! ಮೊಳೆಯೂ ಅದೇ, ಅಚ್ಚೂ ಅದೇ!"

ಆಮೇಲೆ ನಕ್ಕರು. ಪಕ್ಕದ ಕಂಪೋಸಿಟರನ್ನು ಕರೆದು ತೋರಿಸಿದರು. ದೇವರು ಒಂದೇ ಮೀನನ್ನು ಎರಡು ಸಲ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಅಚ್ಚು ಹಾಕಿ ಒಂದೇ ಕಡಲಿಗೆ ಬಿಟ್ಟಿದ್ದಾನೆ ಎಂದು ಅವನ ತೋಳು ಹಿಡಿದು ಅಲ್ಲಾಡಿಸಿದರು. ನಗು ನಿಂತ ಮೇಲೆ ಕೈ ಒರೆಸಿಕೊಂಡು, ಲೇಖನ ತೆಗೆಸಬೇಕೆಂದು ಸಂಪಾದಕರ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ.

"ಪುಟ ಕಟ್ಟಿ ಫಾರ್ಮ್ ಮೆಷಿನ್ನಿಗೆ ಏರಿಸಿ ಆಗಿದೆ ಮಾರಾಯ," ಎಂದರು ಸಂಪಾದಕರು. "ಮೀನಿನ ಕಣ್ಣು ಎಡವೋ ಬಲವೋ ಅಂತ ಯಾರಿಗೆ ಗೊತ್ತಾಗ್ತದೆ?"

"ಈ ಹೆಣ್ಣಿಗೆ ಗೊತ್ತುಂಟು ಸರ್," ಎಂದು ಮಾವ ನನ್ನ ತಲೆಯ ಮೇಲೆ ಕೈಯಿಟ್ಟರು.

ಸಂಪಾದಕರು ನನ್ನನ್ನೂ ನನ್ನ ಕೈಯಲ್ಲಿದ್ದ ಬಾಳೆಲೆಯನ್ನೂ ನೋಡಿ ಮೂಗು ಮುಚ್ಚಿಕೊಂಡರು. ಲೇಖನದ ಜಾಗಕ್ಕೆ ಛತ್ರಿ ರಿಪೇರಿಯ ಜಾಹೀರಾತು ಹಾಕಿದರು. ಮಾವ ತಮ್ಮ ಲೇಖನದ ಮೊಳೆಗಳನ್ನು ತಾವೇ ಬಿಚ್ಚಿ ಖಾನೆಗಳಿಗೆ ಹಾಕತೊಡಗಿದರು. ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿಕೊಂಡು ಕೆಲವನ್ನು ನನ್ನ ಕೈಯಿಂದಲೂ ಹಾಕಿಸಿದರು. ಅವರ ಹೆಸರಿನ 'ರ' ನನ್ನ ಕೈಯಿಂದಲೇ ಖಾನೆಗೆ ಬಿತ್ತು. ಟಿಕ್ ಎಂದು ಸಣ್ಣ ಸದ್ದಾಯಿತು.

ಮನೆಗೆ ನಡೆಯುವಾಗ ನಾನು ತಪ್ಪೊಪ್ಪಿಕೊಂಡೆ. ಮೀನು ಇಡಿಯಾಗಿದ್ದಾಗಲೇ ನೋಡಿದ್ದೆ, ಸುಮ್ಮನೆ ಕೂತಿದ್ದೆ, ಅದಕ್ಕೇ ತಲೆ ಮಾತ್ರ ಉಳಿದದ್ದು ಎಂದೆ. ಮಾವ ನನ್ನ ಕೈಯಿಂದ ಎಲೆಯ ಕಟ್ಟನ್ನು ತೆಗೆದುಕೊಂಡರು.

"ನಾನು ನಿನ್ನ ಜಾಗದಲ್ಲಿ ಇದ್ರೆ ಗಸಿ ಉಂಡು ಕೈ ತೊಳ್ಕೊಳ್ತಿದ್ದೆನೋ ಏನೋ," ಎಂದರು. "ಎರಡು ನೋಡಿ ಎಲ್ಲ ಹೀಗೇ ಅಂತ ಬರೆದೆ ನೋಡು. ಕಡಲಿನಷ್ಟು ದೊಡ್ಡ ಕಡಲು ಉಂಟು."

ಮುಂದಿನ ತಿಂಗಳು ಅವರು ಇನ್ನೊಂದು ಲೇಖನ ಬರೆದರು. ಹಳೆಯ ಚಿತ್ರ ಸರಿಯಾಗಿಯೇ ಇದೆ, ಈ ಒಂದು ಮೀನಿನಲ್ಲಿ ಕಣ್ಣು ಯಾವ ಕಡೆಗೂ ದಾಟಬಹುದು ಎಂದು ವಿವರಿಸುವ ಅರ್ಧ ಪುಟದ ಬರಹ. ಸಂಪಾದಕರು ಹಿಂದಿರುಗಿಸಿದರು. "ತಪ್ಪಿದ್ರೆ ಸುದ್ದಿ. ಸರಿ ಇದ್ರೆ ಎಂತ ಸುದ್ದಿ ಮಾರಾಯ?" ಎಂದರಂತೆ. ಆ ಮೀನಿನ ವಿಷಯ ತಿಳಿದವರಿಗೆ ಹಿಂದಿನಿಂದಲೂ ಗೊತ್ತಿತ್ತು ಎಂದು ಆಮೇಲೆ ಕಾಲೇಜಿನ ಮೇಷ್ಟ್ರು ಹೇಳಿದರು. ಮಾವನ ಹೆಸರು ಯಾವತ್ತೂ ಅಚ್ಚಾಗಲಿಲ್ಲ. ಪ್ರೆಸ್ಸು ಮುಚ್ಚಿತು, ಸೀಸವನ್ನು ತೂಕಕ್ಕೆ ಹಾಕಿದರು, ಓಣಿಯ ಮನೆ ಇದ್ದಲ್ಲಿ ಈಗ ಮೀನಿನ ಲಾರಿಗಳು ನಿಲ್ಲುತ್ತವೆ. ಮಾವ ಕೈ ಆಡುವವರೆಗೂ ಚಿತ್ರ ಬರೆದರು. ನಾನು ಜೀವಶಾಸ್ತ್ರದ ಟೀಚರ್ ಆದೆ. ಎರಡು ನೋಡಿ ಮಾತಾಡುವ ಮಕ್ಕಳಿಗೆ ಮೂರನೆಯದು ತರಲು ಹೇಳುತ್ತಿದ್ದೆ. ಅವರು ನನ್ನನ್ನು ಶಪಿಸಿದ್ದೂ ಉಂಟು.

ಆದರೆ ಆ ಗುರುವಾರ ಮುಗಿದದ್ದು ಪ್ರೆಸ್ಸಿನಲ್ಲಲ್ಲ. ನಾವು ಮನೆ ಸೇರುವಾಗ ಇನ್ನೂ ಬಿಸಿಲಿತ್ತು. ಮಾವ ಮೀನಿನ ತಲೆಯನ್ನು ಮೇಜಿನ ಮೇಲಿಟ್ಟು, ಮೊದಲಿನ ಎರಡು ಚಿತ್ರಗಳಲ್ಲಿ ಒಂದನ್ನು ತಂದು ಎದುರಿಗಿಟ್ಟರು. ಮೂಗಿಗೆ ಮೂಗು ತಾಗುವಂತೆ ಚಿತ್ರದ್ದು ಎಡಕ್ಕೆ, ಮೀನಿನದ್ದು ಬಲಕ್ಕೆ. ಪತ್ರಿಕೆಯಲ್ಲಿ ಏನೂ ಬರುವುದಿಲ್ಲ ಎಂದು ಅಮ್ಮನಿಗೆ ಹೇಳಿದರು. ಅಮ್ಮ ಅವರ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿ ಚಹಾ ಇಡಲು ಹೋದರು. ಅಷ್ಟು ವರ್ಷಗಳಲ್ಲಿ ಮಾವನ ಒಂದು ಚಿತ್ರವನ್ನೂ ಹತ್ತಿರ ಬಂದು ನೋಡದ ಅಜ್ಜಿ, ಬೂದಿಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಮೇಜಿನ ಪಕ್ಕ ನಿಂತರು.

"ಎಂತ ನೋಡ್ತೀರಿ ಅಷ್ಟು? ನನಗೂ ತೋರಿಸು."

ಮಾವ ತಮ್ಮ ಭೂತಗನ್ನಡಿಯನ್ನು ಅಜ್ಜಿಯ ಕೈಗೆ ಕೊಟ್ಟು, ಎಲ್ಲಿ ಹಿಡಿಯಬೇಕೆಂದು ತೋರಿಸಿದರು. ಅಜ್ಜಿ ಬಾಗಿದರು. ಸಾವಿರಾರು ಮೀನು ಸುಲಿದ ಆ ಹೆಂಗಸು ಮೊದಲ ಸಲ ಒಂದು ಮೀನಿನ ಮುಖ ನೋಡುತ್ತಿದ್ದರು. ನೆತ್ತಿಯ ಅಂಚಿನಲ್ಲಿ, ಅತ್ತಲೂ ಇಲ್ಲದೆ ಇತ್ತಲೂ ಬಾರದೆ ನಿಂತ ಆ ಕಣ್ಣಿನ ಮೇಲೆ ಭೂತಗನ್ನಡಿ ಬಹಳ ಹೊತ್ತು ನಿಂತಿತ್ತು.

"ರಘು," ಎಂದರು ಅಜ್ಜಿ, ತಲೆಯೆತ್ತದೆ. "ಕಣ್ಣು ಹೀಗೆ ಎಲುಬು ದಾಟಿ ಬರುವಾಗ ಆ ಮರಿಗೆ ನೋಯುದಿಲ್ವಾ?"

ಸ್ವೀಡನ್ನಿನ ಪಂಡಿತ, ಬರ್ಲಿನ್ನಿನ ವೈದ್ಯ, ಕಂಪನಿಯ ಡಾಕ್ಟರು ಎಲ್ಲರನ್ನೂ ಮನಸ್ಸಿನಲ್ಲಿ ಒಮ್ಮೆ ಕೇಳಿ ಬಂದವರಂತೆ ಮಾವ ಕಿಟಕಿಯ ಕಡೆ ನೋಡಿದರು.

"ಗೊತ್ತಿಲ್ಲ ಅಮ್ಮ," ಎಂದರು. "ಯಾರೂ ಕೇಳಿಯೇ ಇಲ್ಲ."

ಆಮೇಲೆ ಕುರ್ಚಿ ಎಳೆದು ಅಜ್ಜಿಯನ್ನು ಮೇಜಿನ ಮುಂದೆ ಕೂರಿಸಿದರು.